ಗಾಜಿನ ಮನೆಯ ಜಗಳಗಂಟ ಮೀನುಗಳು

ಜಗಳವೆಂಬುದು ಮನುಷ್ಯರ ಸೊತ್ತೇ ಹೊರತು ನೀರಿನೊಳಗಿನ ಮೀನುಗಳು ಸದಾ ಶಾಂತಿಯಿಂದ ತೇಲಾಡಿಕೊಂಡಿರುತ್ತವೆಂದು ಅನೇಕರು ಭಾವಿಸಿರುವುದುಂಟು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದರೆ ಮನಸ್ಸಿಗೆ ನೆಮ್ಮದಿಯೆಂದು ಹೇಳುವುದೂ ಈ ನಂಬಿಕೆಯಿಂದಲೇ. ಆದರೆ ಸಿಕ್ಲಿಡ್ ಎಂಬ ಕುಲಕ್ಕೆ ಸೇರಿದ ಮೀನುಗಳನ್ನು ಮನೆಗೆ ತಂದವರಿಗೆ ಈ ನೆಮ್ಮದಿ ಒಂದು ವಾರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಒಂದು ಮೀನು ಮತ್ತೊಂದನ್ನು ಮೂಲೆಗೆ ಅಟ್ಟಿ ರೆಕ್ಕೆ ಹರಿಯುವುದನ್ನು ನೋಡಿ, ಇದೇನು ಮೀನೋ ಪುಂಡನೋ ಎಂದು ಅವರು ಬೆರಗಾಗುತ್ತಾರೆ. ಈ ಜಗಳಕ್ಕೆ ಕಾರಣವೇನು, ಅದನ್ನು ಹತೋಟಿಯಲ್ಲಿಡುವುದು ಹೇಗೆ, ಅದರೊಡನೆ ನೀರಿನ ಸ್ವಚ್ಛತೆಯ ಸಂಬಂಧವೇನು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ನಾನು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ವಿದ್ಯಾರ್ಥಿ. ಹೀಗಿರುವಲ್ಲಿ ಮೀನಿನ ಮಾತೆತ್ತಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಕಳೆದ ಎರಡು ವರ್ಷಗಳಿಂದ ಸಂಜೆಯ ಹೊತ್ತು ಊರಿನ ಒಂದು ಅಲಂಕಾರದ ಮೀನಿನ ಅಂಗಡಿಯಲ್ಲಿ ದುಡಿದು, ಕಾಲೇಜಿನ ಶುಲ್ಕವನ್ನೂ ಪುಸ್ತಕದ ಖರ್ಚನ್ನೂ ಹೊಂದಿಸಿಕೊಳ್ಳುತ್ತಿದ್ದೇನೆ. ಪದವಿಯ ತರಗತಿಯವರೆಗೆ ಬಂದವರಲ್ಲಿ ನಮ್ಮ ಮನೆತನಕ್ಕೆ ನಾನೇ ಮೊದಲಿಗ. ಆದುದರಿಂದ ಓದಿದುದನ್ನೂ ಕಂಡುದನ್ನೂ ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವ ಅಭ್ಯಾಸ ತಾನಾಗಿ ಬಂದಿದೆ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸುತ್ತೇನೆ.

ಸಿಕ್ಲಿಡ್ ಕುಲದಲ್ಲಿ ಇದುವರೆಗೆ ಶಾಸ್ತ್ರಜ್ಞರು ಹೆಸರಿಟ್ಟಿರುವ ಜಾತಿಗಳೇ 1600ಕ್ಕೂ ಮಿಕ್ಕಿವೆ. ಆಫ್ರಿಕ, ದಕ್ಷಿಣ ಅಮೆರಿಕ ಮತ್ತು ಮಧ್ಯ ಅಮೆರಿಕಗಳು ಇವುಗಳ ಮುಖ್ಯ ನೆಲೆ. ಆಫ್ರಿಕದ ಮಲಾವಿ, ಟಾಂಗನ್ಯೀಕ, ವಿಕ್ಟೋರಿಯ ಎಂಬ ಮೂರು ಮಹಾ ಸರೋವರಗಳಲ್ಲಿಯೇ ನೂರಾರು ಜಾತಿಗಳಿವೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಆಸ್ಕರ್ ಮೀನು ಅಮೆಜಾನ್ ನದಿಯ ಕಡೆಯದು. ಬೆರಳುದ್ದದ ಮರಿಯಾಗಿ ಮಾರಾಟವಾಗುವ ಇದು ಬೆಳೆದು ಒಂದಡಿ ಉದ್ದವಾಗುತ್ತದೆ. ಮೈಮೇಲೆ ಕಪ್ಪು ಪಟ್ಟೆಗಳಿದ್ದು ಸೆರೆಮನೆಯ ಉಡುಪು ತೊಟ್ಟಂತೆ ಕಾಣುವ ಕಾನ್ವಿಕ್ಟ್ ಮೀನು ಮಧ್ಯ ಅಮೆರಿಕದ್ದು. ಜ್ಯಾಕ್ ಡೆಂಪ್ಸಿ ಎಂಬ ಮೀನಿಗೆ ಆ ಹೆಸರು ಬಂದುದು 1919ರಿಂದ 1926ರವರೆಗೆ ಜಗತ್ತಿನ ಹೆವಿವೆಯ್ಟ್ ಚಾಂಪಿಯನ್ ಆಗಿದ್ದ ಮುಷ್ಟಿಮಲ್ಲನಿಂದ. ಹೆಸರುಗಳೇ ಇವುಗಳ ಸ್ವಭಾವವನ್ನು ಸಾರುತ್ತವೆ! ಹಣೆಯ ಮೇಲೆ ದೊಡ್ಡ ಗುಬುಟು ಹೊತ್ತ ಫ್ಲವರ್‌ಹಾರ್ನ್ ಮಾತ್ರ ಯಾವ ನದಿಯದೂ ಅಲ್ಲ. 1990ರ ದಶಕದಲ್ಲಿ ಮಲೇಷಿಯದಲ್ಲಿ ಬೇರೆ ಬೇರೆ ಜಾತಿಗಳನ್ನು ಕೂಡಿಸಿ ಮನುಷ್ಯರು ಮಾಡಿದ ಬೆರಕೆ ಮೀನದು.

ಇವೆಲ್ಲ ಪರದೇಶದ ಮೀನುಗಳೆಂದು ನಾವು ದೂರ ನಿಲ್ಲುವಂತಿಲ್ಲ. ನಮ್ಮ ದೇಶಕ್ಕೇ ಸೇರಿದ ಮೂರು ಸಿಕ್ಲಿಡ್‌ಗಳುಂಟು. ಮೊದಲನೆಯದು ಕೇರಳದವರು ಕರಿಮೀನ್ ಎಂದು ಕರೆದು 2010ರಲ್ಲಿ ತಮ್ಮ ರಾಜ್ಯದ ಮೀನೆಂದು ಘೋಷಿಸಿದ ಹಸಿರು ಕ್ರೋಮೈಡ್. ಎರಡನೆಯದು ಗಾತ್ರದಲ್ಲಿ ಅದಕ್ಕಿಂತ ಬಹು ಚಿಕ್ಕದಾದ, ಅರಸಿನದ ಬಣ್ಣದ ಕಿತ್ತಳೆ ಕ್ರೋಮೈಡ್. ಮೂರನೆಯದು ನಮ್ಮದೇ. ಇಂಗ್ಲಿಷ್ ವೈದ್ಯಾಧಿಕಾರಿ ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕನ್ನಡದಿಂದ ವರ್ಣಿಸಿ, ಆ ಸೀಮೆಯ ಹೆಸರನ್ನೇ ಇಟ್ಟ 'ಎಟ್ರೋಪ್ಲಸ್ ಕನರೆನ್ಸಿಸ್' ಎಂಬ ಮೀನದು. ಕುಮಾರಧಾರಾ, ನೇತ್ರಾವತಿಗಳ ಕಡೆಯ ಹೊಳೆಗಳನ್ನು ಬಿಟ್ಟು ಹೊರಗೆ ಸಿಗದ ಈ ಮೀನು ಇಂದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಪಠ್ಯಪುಸ್ತಕದಲ್ಲಿ ಸಿಂಹ, ಹುಲಿಗಳ ಹೆಸರು ಕಲಿತ ನಾವು ನಮ್ಮ ಹೊಳೆಯ ಈ ನೆಂಟನ ಹೆಸರನ್ನು ಕೇಳದೆಯೇ ಪದವೀಧರರಾಗುತ್ತಿದ್ದೇವೆ.

ಇನ್ನು ಜಗಳದ ವಿಚಾರಕ್ಕೆ ಬರೋಣ. ಬಹಳ ಮೀನುಗಳು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಮರಿಗಳ ಪಾಡು ಮರಿಗಳಿಗೆ. ಸಿಕ್ಲಿಡ್‌ಗಳು ಹಾಗಲ್ಲ. ಕಲ್ಲನ್ನು ಬಾಯಿಂದ ಉಜ್ಜಿ ಶುಚಿಮಾಡಿ, ಅದರ ಮೇಲೆ ಮೊಟ್ಟೆಯಿಟ್ಟು, ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸಿ, ಮರಿಗಳು ಈಜಲು ಕಲಿತ ಮೇಲೂ ವಾರಗಟ್ಟಲೆ ಕಾಯುತ್ತವೆ. ಕೆಲವು ಜಾತಿಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು, ಮರಿಯಾಗುವವರೆಗೆ ಸರಿಯಾಗಿ ಆಹಾರವನ್ನೂ ಮುಟ್ಟದೆ ಇರುತ್ತಾಳೆ. ನಮ್ಮ ಕಿತ್ತಳೆ ಕ್ರೋಮೈಡ್‌ನ ಮರಿಗಳಂತೂ ತಂದೆತಾಯಿಗಳ ಮೈಮೇಲಿನ ಲೋಳೆಯನ್ನು ಮೆಲ್ಲನೆ ಕಿತ್ತು ತಿಂದು ಬೆಳೆಯುತ್ತವೆ. ಇಷ್ಟು ಮಮತೆಯಿಂದ ಸಂಸಾರ ಮಾಡಬೇಕಾದರೆ ಒಂದು ನೆಲೆ ಬೇಕು. ನೆಲೆಗೊಂದು ಎಲ್ಲೆ ಬೇಕು. ಎಲ್ಲೆಯನ್ನು ದಾಟಿ ಬಂದವನನ್ನು ಓಡಿಸಬೇಕು. ಆದುದರಿಂದ ಸಿಕ್ಲಿಡ್‌ನ ಕೋಪವೂ ಅದರ ವಾತ್ಸಲ್ಯವೂ ಒಂದೇ ಬೇರಿನಿಂದ ಹುಟ್ಟಿದವು. ಮರಿಗಳಿಲ್ಲದ ಕಾಲದಲ್ಲಿಯೂ ಮುಂದೆ ಬರಲಿರುವ ಸಂಸಾರಕ್ಕಾಗಿ ಗಂಡು ಜಾಗ ಹಿಡಿದು ಕುಳಿತಿರುತ್ತದೆ.

ಈ ಜಗಳಕ್ಕೂ ಒಂದು ಕ್ರಮವಿದೆ. ಮೊದಲು ಮೈಬಣ್ಣ ಗಾಢವಾಗುತ್ತದೆ. ಅನಂತರ ಎದುರಾಳಿಗೆ ಪಕ್ಕೆಯನ್ನು ತಿರುಗಿಸಿ, ರೆಕ್ಕೆಗಳನ್ನೆಲ್ಲ ನಿಮಿರಿಸಿ, ತಾನು ಎಷ್ಟು ದೊಡ್ಡವನು ನೋಡು ಎಂದು ತೋರಿಸುವುದು. ಬಳಿಕ ಕಿವಿರಿನ ಮುಚ್ಚಳವನ್ನು ಅಗಲಿಸುವುದು, ಬಾಲದಿಂದ ನೀರಿನ ಹೊಡೆತ ಕೊಡುವುದು. ಇಷ್ಟಕ್ಕೂ ಬಗೆಹರಿಯದಿದ್ದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದು. ಸರೋವರದಲ್ಲಿ ಸೋತ ಮೀನು ನಾಲ್ಕು ಮಾರು ದೂರ ಓಡಿದರೆ ಅಲ್ಲಿಗೆ ವ್ಯಾಜ್ಯ ಮುಗಿಯಿತು. ಗೆದ್ದವನು ಬೆನ್ನಟ್ಟಿ ಕೊಲ್ಲುವುದು ಅಪರೂಪ. ಎರಡು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಸೋತವನು ಎಲ್ಲಿಗೆ ಓಡಬೇಕು? ಓಡಿದಲ್ಲೆಲ್ಲ ಗೆದ್ದವನ ಎಲ್ಲೆಯೇ. ಸೋಲನ್ನು ಒಪ್ಪಿಕೊಂಡರೂ ಜಾಗ ಬಿಡಲಾಗದ ಈ ಸ್ಥಿತಿಯೇ ತೊಟ್ಟಿಯೊಳಗಿನ ಸಾವುಗಳಿಗೆ ಕಾರಣವೇ ಹೊರತು ಮೀನಿನ ದುಷ್ಟತನವಲ್ಲ. ಒಂದೇ ಕೋಣೆಯಲ್ಲಿ ಐದಾರು ಜನ ಹಾಸಿಗೆ ಹಾಕಿದ ಹಾಸ್ಟೆಲಿನ ಮಿತ್ರರಿಗೆ ಈ ತತ್ತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದನ್ನು ನಾನು ಕಣ್ಣಾರೆ ಕಂಡ ಒಂದು ಉದಾಹರಣೆಯಿಂದ ಸ್ಪಷ್ಟಪಡಿಸುತ್ತೇನೆ. ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮ ಅಂಗಡಿಯಿಂದ ನಾಲ್ಕು ಕಾನ್ವಿಕ್ಟ್ ಮೀನುಗಳನ್ನು ಕೊಂಡು ಹೋಗಿದ್ದರು. ತಿಂಗಳಾಗುವಷ್ಟರಲ್ಲಿ ಎರಡು ಸತ್ತವು. ರೋಗದ ಮೀನು ಮಾರಿದ್ದೀರೆಂದು ಅವರು ನೊಂದು ನುಡಿದಾಗ, ಯಜಮಾನರು ನನ್ನನ್ನು ಅವರ ಮನೆಗೆ ಕಳುಹಿಸಿದರು. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿದ್ದಿತು. ಒಂದು ಹಸಿರು ಕಲೆಯಿಲ್ಲ, ಒಂದು ಕಸವಿಲ್ಲ. ಪ್ರತಿ ಭಾನುವಾರ ಎಲ್ಲ ನೀರನ್ನೂ ಚೆಲ್ಲಿ, ಜಲ್ಲಿಯನ್ನು ಬಿಸಿನೀರಿನಲ್ಲಿ ಕುದಿಸಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆಯುತ್ತಿದ್ದೆವೆಂದು ಅವರು ಹೇಳಿದರು. ಉಳಿದ ಎರಡರಲ್ಲಿ ಹೆಣ್ಣು ಮೀನು ಹರಿದ ರೆಕ್ಕೆಗಳೊಡನೆ ಫಿಲ್ಟರಿನ ಹಿಂದೆ, ನೀರಿನ ಮೇಲ್ಭಾಗದಲ್ಲಿ ಅಡಗಿ ಏದುಸಿರು ಬಿಡುತ್ತಿದ್ದಿತು. ತೊಟ್ಟಿಯಲ್ಲಿ ಒಂದು ಕಲ್ಲಾಗಲಿ ಮರೆಯಾಗಲಿ ಇರಲಿಲ್ಲ. ನಾನು ಒಯ್ದಿದ್ದ ಪರೀಕ್ಷಾದ್ರವವನ್ನು ಸ್ವಲ್ಪ ನೀರಿಗೆ ಹಾಕಿದೆ. ಹಳದಿಯಾಗಿ ಉಳಿಯಬೇಕಾದುದು ಹಸಿರಾಯಿತು. ನೀರಿನಲ್ಲಿ ಅಮೋನಿಯ ತುಂಬಿತ್ತು! ಕಣ್ಣಿಗೆ ಅಷ್ಟು ನಿರ್ಮಲವಾದ ನೀರು ಮೀನಿಗೆ ವಿಷವಾಗಿದ್ದಿತು.

ಇಲ್ಲಿಯೇ ಸ್ವಚ್ಛತೆಯ ನಿಜವಾದ ಅರ್ಥವನ್ನು ತಿಳಿಯಬೇಕು. ಮೀನು ಕಿವಿರಿನ ಮೂಲಕ ಸದಾ ಅಮೋನಿಯವನ್ನು ಹೊರಬಿಡುತ್ತದೆ. ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅದು ಹುಟ್ಟುತ್ತದೆ. ದನದ ಕೊಟ್ಟಿಗೆಯಲ್ಲಿ ಬೆಳಗಿನ ಹೊತ್ತು ಕಣ್ಣಿಗೆ ಇರಿಯುವ ವಾಸನೆ ಇದರದೇ. ಹೊಳೆಯಲ್ಲಾದರೆ ಕೊಚ್ಚಿಹೋಗುತ್ತದೆ, ತೊಟ್ಟಿಯಲ್ಲಿ ಅಲ್ಲಿಯೇ ಉಳಿಯುತ್ತದೆ. ಪುಣ್ಯಕ್ಕೆ ಈ ವಿಷವನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳುಂಟು. ನೈಟ್ರೊಸೊಮೊನಾಸ್ ಎಂಬ ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದೊಳಗೆ ಸೇರಿದರೆ ಮೀನಿನ ರಕ್ತ ಆಮ್ಲಜನಕವನ್ನು ಹೊರಲಾರದಾಗುತ್ತದೆ. ನೈಟ್ರೊಸ್ಪೈರ ಎಂಬ ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ಗಿಡಗಳಿಗೆ ಅದು ಗೊಬ್ಬರ. ಈ ಜೀವಿಗಳು ವಾಸಿಸುವುದು ಮುಖ್ಯವಾಗಿ ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯ ಮೇಲೆ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ಸುಮಾರು 4ರಿಂದ 6 ವಾರ ಬೇಕು. ಹೀಗಿರುವಲ್ಲಿ ಜಲ್ಲಿಯನ್ನು ಕುದಿಸಿ, ಕ್ಲೋರಿನ್ ಬೆರೆತ ನಲ್ಲಿನೀರಿನಲ್ಲಿ ಸ್ಪಂಜನ್ನು ತೊಳೆದರೆ, ಊರಿನ ಪೌರಕಾರ್ಮಿಕರನ್ನೆಲ್ಲ ಒಂದೇ ದಿನ ಓಡಿಸಿ ಊರು ಶುಚಿಯಾಯಿತೆಂದು ಹಿಗ್ಗಿದಂತಾಗುತ್ತದೆ. ಕಣ್ಣಿನ ಸ್ವಚ್ಛತೆಯೇ ಬೇರೆ, ಮೀನಿನ ಸ್ವಚ್ಛತೆಯೇ ಬೇರೆ.

ಆ ಉಪಾಧ್ಯಾಯರ ತಪ್ಪೆಂದು ನಾನು ಹೇಳಲಾರೆ. ಶುಚಿತ್ವವನ್ನು ಜೀವನವಿಡೀ ಬೋಧಿಸಿದವರು ಅದನ್ನೇ ಮೀನಿಗೂ ಮಾಡಿದರು. ಮೀನಿನ ಬೆಲೆಯನ್ನು ಹೇಳುವ ವ್ಯಾಪಾರ ಅದರ ಬಾಳಿನ ಕ್ರಮವನ್ನು ಹೇಳದೆ ಬಿಡುವುದೇ ಹೆಚ್ಚು. ಅಂದಿನಿಂದ ನಾವು ಕೈಗೊಂಡ ಉಪಾಯ ಸುಲಭವಾದುದು. ಅಂಗಡಿಯ ಹಳೆಯ ತೊಟ್ಟಿಯಿಂದ, ಸೂಕ್ಷ್ಮಜೀವಿಗಳು ನೆಲೆಸಿದ್ದ ಒಂದು ಸ್ಪಂಜನ್ನು ತಂದು ಅವರ ಫಿಲ್ಟರಿಗೆ ಸೇರಿಸಿದೆವು. ತೊಟ್ಟಿಯ ನಡುವೆ ಪ್ಲಾಸ್ಟಿಕ್ ಜಾಲರಿಯನ್ನು ಅಡ್ಡಗಟ್ಟಿ ಗಂಡುಹೆಣ್ಣುಗಳನ್ನು ಬೇರೆ ಮಾಡಿದೆವು. ಹೆಣ್ಣಿನ ಭಾಗದಲ್ಲಿ ಒಂದು ಒಡೆದ ಮಣ್ಣಿನ ಕುಡಿಕೆಯನ್ನು ಮಗುಚಿಟ್ಟೆವು. ಮೂರು ವಾರಗಳಲ್ಲಿ ರೆಕ್ಕೆ ಮತ್ತೆ ಚಿಗುರಿತು. ಕಾನ್ವಿಕ್ಟ್ ಜಾತಿಯಲ್ಲಿ ಹೆಣ್ಣು ಗಂಡಿಗಿಂತ ಚಿಕ್ಕದು. ಆದುದರಿಂದ ಎರಡು ತಿಂಗಳ ಬಳಿಕ, ಹೆಣ್ಣು ಮಾತ್ರ ನುಸುಳಬಹುದಾದಷ್ಟು ಅಗಲದ ಕಿಂಡಿಯೊಂದನ್ನು ಜಾಲರಿಯಲ್ಲಿ ಕತ್ತರಿಸಿದೆವು. ಹೋಗುವುದೂ ಹಿಂದಿರುಗುವುದೂ ಅದರ ಇಷ್ಟಕ್ಕೆ ಬಿಟ್ಟುದಾಯಿತು. ಮುಂದೆ ಆ ಕುಡಿಕೆಯೊಳಗೆ ಮೊಟ್ಟೆಗಳಾದ ಸಂಗತಿಯನ್ನು ಅವರು ಮಧ್ಯರಾತ್ರಿ ಫೋನು ಮಾಡಿ ನನಗೆ ತಿಳಿಸಿದರು.

ಜಗಳಕ್ಕೂ ಸ್ವಚ್ಛತೆಗೂ ಇರುವ ಇನ್ನೊಂದು ಸಂಬಂಧವನ್ನು ಆಸ್ಟ್ರಿಯದ ಪ್ರಾಣಿವರ್ತನ ವಿಜ್ಞಾನಿ ಕಾನ್ರಾಡ್ ಲಾರೆಂಟ್ಸ್ 1963ರಲ್ಲಿ ಪ್ರಕಟವಾದ, ಪ್ರಾಣಿಗಳ ಆಕ್ರಮಣಶೀಲತೆಯನ್ನು ಕುರಿತ ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಈತನಿಗೆ 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಆತ ಗಮನಿಸಿದ ಮೀನುಗಳಲ್ಲಿ ನಮ್ಮ ಕಿತ್ತಳೆ ಕ್ರೋಮೈಡೂ ಒಂದೆಂಬುದು ನಮಗೆ ಸಂತೋಷದ ಸಂಗತಿ. ಬೇರೆ ಮೀನುಗಳ ನಡುವೆ ಅನ್ಯೋನ್ಯವಾಗಿದ್ದ ಜೋಡಿಯನ್ನು, ಪಾಪ, ನೆಮ್ಮದಿಯಾಗಿರಲೆಂದು ಬೇರೆಯಾಗಿಟ್ಟರೆ, ಗಂಡು ತನ್ನ ಹೆಣ್ಣನ್ನೇ ಹೊಡೆಯಲಾರಂಭಿಸುತ್ತಿತ್ತು. ನೆರೆಯವನ ಮೇಲೆ ತೀರಬೇಕಾದ ಸಿಟ್ಟು ಮನೆಯೊಳಗೆ ತಿರುಗುತ್ತಿತ್ತು. ಅದಕ್ಕೆ ಮದ್ದೆಂದರೆ ಎರಡು ಜೋಡಿಗಳ ನಡುವೆ ಗಾಜಿನ ತಡಿಕೆಯನ್ನಿಡುವುದು. ಗಂಡುಗಳು ಗಾಜಿನಾಚೆಯ ನೆರೆಯವನೊಡನೆ ಮನಸಾರೆ ಜಗಳವಾಡಿ, ಯಾರಿಗೂ ಗಾಯವಾಗದೆ, ತಮ್ಮ ಹೆಂಡಿರೊಡನೆ ಸೌಮ್ಯವಾಗಿರುತ್ತಿದ್ದುವು. ಆದರೆ ಗಾಜಿನ ಮೇಲೆ ಪಾಚಿ ಬೆಳೆದು ಆಚೆಯವನು ಕಾಣದಾದಾಗ ಮತ್ತೆ ಮನೆಯೊಳಗೆ ಕಲಹ ಮೊದಲು! ಪಾಚಿಯನ್ನು ಒರೆಸಿದೊಡನೆ ಶಾಂತಿ. ಗಾಜನ್ನು ಒರೆಸುವುದು ನೋಡುವವರ ಸೊಗಸಿಗಾಗಿ ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಈಗ, ಸಾಕಬೇಕೆನ್ನುವವರಿಗೆ ಕೆಲವು ಅನುಭವದ ಮಾತು. ಮೊದಲನೆಯದು ಸ್ಥಳ. ಒಂದು ಜೋಡಿ ಕಾನ್ವಿಕ್ಟ್‌ಗಾದರೂ 3 ಅಡಿ ಉದ್ದದ ತೊಟ್ಟಿ ಇದ್ದರೆ ಉತ್ತಮ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿ ಸುಮಾರು 180 ಲೀಟರ್ ಹಿಡಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಗಾಜು, ಕಲ್ಲು, ಜಲ್ಲಿಗಳು ಸೇರಿದರೆ ಎರಡು ಕ್ವಿಂಟಲಿಗೆ ಮೀರಿತು. ಗಾರೆ ಕೆಲಸದ ನಮ್ಮ ತಂದೆಯವರು ನನ್ನ ತೊಟ್ಟಿಗೆ ಪೀಠ ಕಟ್ಟುವ ಮೊದಲು ಮಟ್ಟಗೋಲಿಟ್ಟು ಮೂರು ಬಾರಿ ನೋಡಿದರು. ಪೀಠ ಒಂದು ಕಡೆ ತಗ್ಗಿದರೆ ಭಾರವೆಲ್ಲ ಒಂದೇ ಅಂಚಿಗೆ ಬಿದ್ದು ಗಾಜು ಸೀಳುತ್ತದೆಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಆಸ್ಕರ್‌ಗೆ ಇದಕ್ಕಿಂತಲೂ ದೊಡ್ಡ ಮನೆ ಬೇಕು. ಜಾಗವಿಲ್ಲದವರು ಅದನ್ನು ತಾರದಿರುವುದೇ ಧರ್ಮ.

ಎರಡನೆಯದು ಮರೆ. ಕಲ್ಲು, ಕುಡಿಕೆ, ಮರದ ಬೇರುಗಳನ್ನು ಒಂದು ಮೀನು ಮತ್ತೊಂದಕ್ಕೆ ನೇರವಾಗಿ ಕಾಣದಂತೆ ಜೋಡಿಸಬೇಕು. ಕಣ್ಣಿಗೆ ಬೀಳದವನ ಮೇಲೆ ಸಿಟ್ಟು ಬಾರದು. ಸಿಕ್ಲಿಡ್‌ಗಳು ಜಲ್ಲಿಯನ್ನು ಅಗೆಯುವುದರಿಂದ ಭಾರವಾದ ಕಲ್ಲುಗಳನ್ನು ತಳದ ಮೇಲೆಯೇ ಭದ್ರವಾಗಿರಿಸಿ ಅನಂತರ ಜಲ್ಲಿ ಹಾಕಬೇಕು. ಹೊಸ ಮೀನನ್ನು ಬಿಡುವ ದಿನ ಕಲ್ಲುಗಳ ಸ್ಥಾನವನ್ನೆಲ್ಲ ಬದಲಿಸಿದರೆ ಹಳಬರ ಎಲ್ಲೆಗಳು ಅಳಿಸಿ, ಎಲ್ಲರೂ ಸಮಾನರಾಗಿ ಹೊಸದಾಗಿ ಬಾಳು ತೊಡಗುತ್ತಾರೆ. ಮಲಾವಿ ಸರೋವರದ ಬಂಡೆಮೀನುಗಳ ರೀತಿ ಬೇರೆ: ಎರಡು ಮೂರು ಇದ್ದರೆ ಬಲಿಷ್ಠ ಮೀನು ಒಂದನ್ನೇ ಹಿಡಿದು ಪೀಡಿಸುತ್ತದೆ, ಹದಿನೈದಿಪ್ಪತ್ತು ಒಟ್ಟಿಗಿದ್ದರೆ ಪೆಟ್ಟು ಹಂಚಿಹೋಗಿ ಯಾರಿಗೂ ಅತಿಯಾಗುವುದಿಲ್ಲ. ಆದರೆ ಮೀನು ಹೆಚ್ಚಾದಷ್ಟೂ ಫಿಲ್ಟರೂ ದೊಡ್ಡದಾಗಬೇಕು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರು ಈ ಮಲಾವಿಯವಕ್ಕೆ ಚೆನ್ನಾಗಿ ಒಗ್ಗುತ್ತದೆ. ಇವು ಬಂಡೆಯ ಪಾಚಿಯನ್ನು ಕೆರೆದು ತಿನ್ನುವ ಜಾತಿಯಾದುದರಿಂದ ಮಾಂಸದ ಆಹಾರವನ್ನು ಹೆಚ್ಚು ಕೊಟ್ಟರೆ ಹೊಟ್ಟೆಯುಬ್ಬರ ಬಂದು ಸಾಯುತ್ತವೆ.

ಮೂರನೆಯದು ವಾರದ ಕೆಲಸ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ ಬದಲಿಸಬೇಕು. 180 ಲೀಟರಿಗೆ 45 ಲೀಟರ್, ಎಂದರೆ ಸುಮಾರು ಮೂರು ಬಕೆಟ್ಟು. ಕೊಳವೆಯೊಂದರಿಂದ ಜಲ್ಲಿಯ ನಡುವಿನ ಹೊಲಸನ್ನು ಎಳೆದು ತೆಗೆಯಬೇಕು. ಸ್ಪಂಜನ್ನು ಹಾಗೆ ತೆಗೆದ ತೊಟ್ಟಿಯ ನೀರಿನಲ್ಲಿಯೇ ಮೆಲ್ಲನೆ ಹಿಂಡಬೇಕು, ನಲ್ಲಿಯಲ್ಲಲ್ಲ. ಗಾಜಿನ ಪಾಚಿಯನ್ನು ಒರೆಸಲು ಸಾಬೂನು ಸೋಕದ ಬಟ್ಟೆ ಸಾಕು. ಹೊಸ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಕ್ಲೋರಮೈನ್ ಬೆರೆಸಿದ ನೀರಾದರೆ ಹಾಗೆ ಹೋಗದು, ಅದಕ್ಕೆಂದೇ ದೊರೆಯುವ ಔಷಧಿಯನ್ನು ಹಾಕಬೇಕು. ಆಹಾರವನ್ನು ದಿನಕ್ಕೆರಡು ಸಲ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ವಾರಕ್ಕೊಂದು ಉಪವಾಸದಿಂದ ಆರೋಗ್ಯವಾದ ದೊಡ್ಡ ಮೀನಿಗೆ ಕೆಡುಕಿಲ್ಲ.

ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಯಲ್ಲಿ ಮೂರು ಬಕೆಟ್ಟು ನೀರು ಸಣ್ಣ ಮಾತಲ್ಲ. ನಮ್ಮ ತಾಯಿ ಮೊದಲಿಗೆ ಆಕ್ಷೇಪಿಸಿದುದು ಮೀನನ್ನಲ್ಲ, ನೀರನ್ನು. ಆ ಆಕ್ಷೇಪಣೆ ನ್ಯಾಯವಾದುದೇ. ದೂರದ ಬೋರಿನಿಂದ ಕೊಡ ಹೊತ್ತ ಹೆಗಲಿಗೆ ನೀರಿನ ಬೆಲೆ ಗೊತ್ತು. ನೈಟ್ರೇಟ್ ತುಂಬಿದ ಆ ಹಳೆಯ ನೀರನ್ನು ಬಸಳೆ, ಟೊಮೇಟೊ ಗಿಡಗಳಿಗೆ ಹಾಕಲಾರಂಭಿಸಿದ ಮೇಲೆ, ಭಾನುವಾರ ನಾನು ಮರೆತರೂ ಅವರೇ ಬಕೆಟ್ಟನ್ನು ತಂದಿಡುತ್ತಾರೆ. ಒಂದು ತೊಟ್ಟು ನೀರೂ ಚರಂಡಿಗೆ ಹೋಗುವುದಿಲ್ಲ.

ಕೊನೆಯದಾಗಿ ಒಂದು ಮಾತನ್ನು ಎಲ್ಲಕ್ಕಿಂತ ಒತ್ತಿ ಹೇಳಬೇಕಾಗಿದೆ. ಮೀನು ಬೆಳೆದು ತೊಟ್ಟಿಗೆ ಹಿಡಿಸದಾದಾಗ, ಜಗಳ ತಡೆಯಲಾಗದಾದಾಗ, ಕೊಲ್ಲಲು ಮನಸ್ಸು ಬಾರದ ದಯಾಳುಗಳು ಅದನ್ನು ಊರ ಕೆರೆಗೋ ಹೊಳೆಗೋ ಬಿಟ್ಟು ಬರುವುದುಂಟು. ಇದು ದಯೆಯಲ್ಲ. ಆಫ್ರಿಕದ ಸಿಕ್ಲಿಡ್ ಆದ ತಿಲಾಪಿಯವನ್ನು 1952ರಲ್ಲಿ ಆಹಾರಕ್ಕೆಂದು ನಮ್ಮ ದೇಶಕ್ಕೆ ತಂದರು. ಇಂದು ಅದು ಸೇರದ ಕೆರೆ ವಿರಳ, ಅದು ಸೇರಿದಲ್ಲಿ ನಾಡಮೀನುಗಳ ಜಾಗ ಕಿರಿದಾಗಿದೆ. ಆಫ್ರಿಕದ ವಿಕ್ಟೋರಿಯ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಮೀನನ್ನು ಬಿಟ್ಟುದರಿಂದ ಅಲ್ಲಿನ ಸಿಕ್ಲಿಡ್‌ಗಳಲ್ಲಿಯೇ ಎಷ್ಟೋ ಜಾತಿಗಳು ನಿರ್ನಾಮವಾದುವು. ತೊಟ್ಟಿಯೊಳಗೆ ಎರಡಡಿಯ ಎಲ್ಲೆಗಾಗಿ ಕಾದಾಡುವ ಮೀನು ಹೊಳೆಗಿಳಿದರೆ, ಅಲ್ಲಿಯೂ ಎಲ್ಲೆ ಹಾಕಿಯೇ ಹಾಕುತ್ತದೆ. ಓಡಬೇಕಾದುದು ಆಗ ನಮ್ಮ ಕುಮಾರಧಾರೆಯ ಬಡಪಾಯಿಗಳು. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿರಿ, ಇಲ್ಲವೆ ಸಾಕುವ ಸ್ನೇಹಿತರಿಗೆ ಕೊಡಿರಿ. ನಮ್ಮ ಅಂಗಡಿಯಲ್ಲಿ ಅಂತಹವುಗಳಿಗೆಂದೇ ಒಂದು ತೊಟ್ಟಿಯನ್ನು ಮೀಸಲಿಡಲು ಯಜಮಾನರನ್ನು ಒಪ್ಪಿಸಿದ್ದೇನೆ.

ಮೀನು ಕೊಳ್ಳಲು ಬರುವವರಿಗೆ ಈಗ ನಾನು ಮೊದಲು ಕೇಳುವ ಪ್ರಶ್ನೆ, ಯಾವ ಬಣ್ಣ ಬೇಕೆಂದಲ್ಲ. ಮನೆಯಲ್ಲಿ ಎಷ್ಟು ಜಾಗವಿದೆ, ವಾರಕ್ಕೆ ಮೂರು ಬಕೆಟ್ಟು ನೀರು ಸಿಕ್ಕುವುದೇ ಎಂದು. ಇದರಿಂದ ಕೆಲವು ಗಿರಾಕಿಗಳು ತಪ್ಪಿಹೋದದ್ದುಂಟು. ಆದರೆ ಕೊಂಡುಹೋದವರ ಮೀನುಗಳು ಬದುಕಿವೆ. ಈ ವಿಷಯದಲ್ಲಿ ಆಸಕ್ತಿಯುಳ್ಳ ಸಹಪಾಠಿಗಳೂ ಅಧ್ಯಾಪಕರೂ ಯಾವ ಸಂಜೆ ಬಂದರೂ, ಕೊಳ್ಳದಿದ್ದರೂ ಚಿಂತೆಯಿಲ್ಲ, ತೋರಿಸಿ ವಿವರಿಸಲು ನಾನು ಸಿದ್ಧನಿದ್ದೇನೆ.